ಹಡಲ್ ಹುಟ್ಟಿದ್ದು ಕೈಸನ್ನೆಯಿಂದ

ಅಮೆರಿಕನ್ ಫುಟ್‌ಬಾಲ್ ಅಂದರೆ ನಮ್ಮ ಕಣ್ಣ ಮುಂದೆ ಬರುವುದು ಹೆಲ್ಮೆಟ್ ಹಾಕಿಕೊಂಡು ಒಬ್ಬರ ಮೇಲೊಬ್ಬರು ಬೀಳುವ ದಾಂಡಿಗರು. ಕಾಲಿಗಿಂತ ಕೈಯಲ್ಲೇ ಹೆಚ್ಚು ಆಡುವ ಆಟಕ್ಕೆ ಫುಟ್‌ಬಾಲ್ ಅಂತ ಯಾಕೆ ಹೆಸರಿಟ್ಟರೋ ಅಂದುಕೊಂಡು ನಾನೂ ಅದರ ಗೋಜಿಗೆ ಹೋಗಿರಲಿಲ್ಲ. ಅದರ ರುಚಿ ಹತ್ತಿಸಿದವನು ನವಿ ಮುಂಬಯಿಯ ನಮ್ಮ ಆಫೀಸಿನ ಟೆಸ್ಟಿಂಗ್ ತಂಡದ ಗೆಳೆಯ. ಕಲ್ಯಾಣ್‌ನ ಮರಾಠಿ ಹುಡುಗ, ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಅವನು ಕಲ್ಯಾಣ್‌ನಲ್ಲಿ, ನಾನು ಡೊಂಬಿವಲಿಯಲ್ಲಿ ಲೋಕಲ್ ಹತ್ತಿ ಥಾಣೆಯಲ್ಲಿ ಇಳಿದರೆ ಅಲ್ಲಿಂದ ಐರೋಲಿ ಕಡೆಯ ಗಾಡಿಯಲ್ಲಿ ಇಬ್ಬರೂ ಜೊತೆ. ಫೋನಿನಲ್ಲಿ ಟೈಪ್ ಮಾಡಿ ತೋರಿಸುತ್ತಾ ಅವನು ದಿನಕ್ಕಿಷ್ಟು ಅಂತ ಹೇಳಿದ್ದು ಗ್ಯಾಲಡೆಟ್ ಎಂಬ ಪುಟ್ಟ ವಿಶ್ವವಿದ್ಯಾಲಯದ ತಂಡದ ಕಥೆ.

ಗ್ಯಾಲಡೆಟ್ ಇರುವುದು ಅಮೆರಿಕದ ರಾಜಧಾನಿ ವಾಷಿಂಗ್ಟನ್‌ನಲ್ಲಿ. 1864ರಲ್ಲಿ ಅಬ್ರಹಾಂ ಲಿಂಕನ್ ಅವರ ಸಹಿಯಿಂದ ಪದವಿ ಕೊಡುವ ಅಧಿಕಾರ ಪಡೆದ, ಕಿವುಡರಿಗಾಗಿಯೇ ಇರುವ ಸಂಸ್ಥೆ. ಒಟ್ಟು ವಿದ್ಯಾರ್ಥಿಗಳು ಎರಡು ಸಾವಿರವೂ ಇಲ್ಲ. ಅದರ ಫುಟ್‌ಬಾಲ್ ತಂಡದ ಹೆಸರು ಬೈಸನ್. ಆಡುವುದು ಮೂರನೇ ಡಿವಿಷನ್‌ನಲ್ಲಿ. ಅಲ್ಲಿ ಆಟಕ್ಕಾಗಿ ಸ್ಕಾಲರ್‌ಶಿಪ್ ಕೊಡುವಂತಿಲ್ಲ. ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಸುಮಾರು 10 ಪಂದ್ಯ, ಹೆಚ್ಚಾಗಿ ಶನಿವಾರಗಳಂದು. ಎದುರಾಳಿಗಳೆಲ್ಲ ಬಹುಪಾಲು ಕಿವಿ ಕೇಳಿಸುವವರ ಕಾಲೇಜುಗಳು.

ಈ ಆಟದಲ್ಲಿ ಒಂದೊಂದು ಕಡೆ 11 ಜನ. ನಾಲ್ಕು ಯತ್ನಗಳಲ್ಲಿ 10 ಗಜ ಮುಂದೆ ಹೋಗಬೇಕು, ಇಲ್ಲವಾದರೆ ಚೆಂಡು ಎದುರಾಳಿಗೆ. ಪ್ರತಿ ಯತ್ನಕ್ಕೂ ಮೊದಲು ಯಾರು ಎಲ್ಲಿಗೆ ಓಡಬೇಕು ಅಂತ ಕ್ವಾರ್ಟರ್‌ಬ್ಯಾಕ್ ತನ್ನವರಿಗೆ ತಿಳಿಸಬೇಕು. 1890ರ ದಶಕದಲ್ಲಿ ಗ್ಯಾಲಡೆಟ್‌ನ ಕ್ವಾರ್ಟರ್‌ಬ್ಯಾಕ್ ಆಗಿದ್ದ ಪಾಲ್ ಹಬ್ಬರ್ಡ್‌ಗೆ ಒಂದು ತಲೆನೋವು. ಇತರ ಕಿವುಡರ ಶಾಲೆಗಳ ಜೊತೆ ಆಡುವಾಗ ತನ್ನ ಕೈಸನ್ನೆಯನ್ನು ಎದುರಾಳಿಗಳೂ ಓದಿಬಿಡುತ್ತಿದ್ದರು. ಅದಕ್ಕೆ ತನ್ನ ಹುಡುಗರನ್ನು ಸುತ್ತ ನಿಲ್ಲಿಸಿಕೊಂಡು, ಆ ಗುಂಪಿನ ಮರೆಯಲ್ಲಿ ಸನ್ನೆ ಮಾಡತೊಡಗಿದ. ಇವತ್ತು ಎಲ್ಲ ತಂಡಗಳೂ ಮಾಡುವ ‘ಹಡಲ್’ ಹುಟ್ಟಿದ್ದು ಹಾಗೆ. ನಮ್ಮ ಕ್ರಿಕೆಟಿಗರು ಮೈದಾನಕ್ಕಿಳಿದು ಹೆಗಲ ಮೇಲೆ ಕೈ ಹಾಕಿ ನಿಲ್ಲುವುದೂ ಅದೇ ಜಾತಿ. ಆಫೀಸಿನ ಚಾಟ್ ಆ್ಯಪ್‌ನಲ್ಲಿ ದಿಢೀರ್ ಕರೆಗೆ ‘ಹಡಲ್’ ಅಂತ ಹೆಸರಿದೆಯಲ್ಲ, ಅದರ ಮೂಲವೂ ಇದೇ. ಆ ಕರೆಯಲ್ಲಿ ಎಲ್ಲರೂ ಮಾತನಾಡುತ್ತಾರೆ, ನನ್ನ ಗೆಳೆಯನೊಬ್ಬನಿಗೇ ಏನೂ ಕೇಳಿಸುವುದಿಲ್ಲ!

ಕಿವಿ ಕೇಳಿಸುವವರ ಎದುರು ಆಡುವಾಗ ಲೆಕ್ಕ ಬೇರೆ. ಜನರ ಗದ್ದಲದಲ್ಲಿ ಎದುರಾಳಿಗಳು ಗಂಟಲು ಹರಿದುಕೊಳ್ಳುವಾಗ ಬೈಸನ್ ಹುಡುಗರು ದೂರದಿಂದಲೇ ಕೈಯಲ್ಲಿ ಮಾತಾಡಿ ಮುಗಿಸುತ್ತಾರೆ. ಹಿಂದೆಲ್ಲ ಆಟ ಶುರುಮಾಡುವ ಸೂಚನೆಗೆ ಮೈದಾನದ ಅಂಚಿನಲ್ಲಿ ದೊಡ್ಡ ಡ್ರಮ್ ಬಾರಿಸುತ್ತಿದ್ದರು, ಅದರ ಕಂಪನ ಮೈಗೆ ತಾಗುತ್ತಿತ್ತು. ಕಷ್ಟವೂ ಇದೆ. ರೆಫರಿಯ ಸೀಟಿ ಕೇಳಿಸದೆ ಎದುರಾಳಿಯನ್ನು ಕೆಡವಿದರೆ ದಂಡ ಬೀಳುತ್ತದೆ. ಕೋಚ್ ಕಡೆಗೆ ನೋಡಿದರೆ ಎದುರಾಳಿಯ ಮೇಲಿನ ಕಣ್ಣು ತಪ್ಪುತ್ತದೆ.

ಇಂಥ ತಂಡ 2013ರ ಸೀಸನ್‌ನಲ್ಲಿ 9 ಪಂದ್ಯ ಗೆದ್ದು, ಮೊದಲ ಬಾರಿಗೆ ರಾಷ್ಟ್ರೀಯ ಪ್ಲೇಆಫ್‌ಗೆ ಹೋಯಿತು. ಅಲ್ಲಿ ಹೋಬಾರ್ಟ್ ಕಾಲೇಜಿಗೆ ಸೋತಿತು.

ಗೆಳೆಯನಿಗೆ ಮಾತ್ರ ಅದಕ್ಕಿಂತ 2023ರ ಸೀಸನ್ ಮೇಲೆ ಪ್ರೀತಿ ಹೆಚ್ಚು. ಆ ವರ್ಷ ಮೊದಲ ನಾಲ್ಕೂ ಪಂದ್ಯಗಳಲ್ಲಿ ಸೋಲು. ಐದನೆಯದು ಅಕ್ಟೋಬರ್ 7ರಂದು ಹಿಲ್ಬರ್ಟ್ ಕಾಲೇಜಿನ ಎದುರು. ಅಂದು ಕ್ವಾರ್ಟರ್‌ಬ್ಯಾಕ್ ತೊಟ್ಟಿದ್ದು ಎಟಿ ಆ್ಯಂಡ್ ಟಿ ಕಂಪನಿಯ ಜೊತೆ ಸೇರಿ ವಿಶ್ವವಿದ್ಯಾಲಯ ತಯಾರಿಸಿದ ಹೊಸ ಹೆಲ್ಮೆಟ್. ಕೋಚ್ ಟ್ಯಾಬ್ಲೆಟ್‌ನಲ್ಲಿ ಆರಿಸಿದ ಯೋಜನೆ 5ಜಿ ಮೂಲಕ ಬಂದು ಹೆಲ್ಮೆಟ್ ಒಳಗಿನ ಪುಟ್ಟ ಲೆನ್ಸ್ ಮೇಲೆ ಮೂಡುತ್ತಿತ್ತು. ಬೈಸನ್ 34-20ರಿಂದ ಗೆದ್ದಿತು. ಆದರೆ ಕಾಲೇಜು ಕ್ರೀಡೆಗಳ ಮಂಡಳಿ ಎನ್‌ಸಿಎಎ ಆ ವರ್ಷ ಈ ಹೆಲ್ಮೆಟ್‌ಗೆ ಅನುಮತಿ ಕೊಟ್ಟಿದ್ದು ಆ ಒಂದೇ ಪಂದ್ಯಕ್ಕೆ. ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್‌ಗಳ ಹೆಲ್ಮೆಟ್ ಒಳಗೆ 1994ರಿಂದಲೇ ರೇಡಿಯೊ ಇದೆ. ಕಿವಿಗೆ ಬಂದಾಗ ಅದು ಆಟದ ಭಾಗವಾಗಿತ್ತು, ಕಣ್ಣಿಗೆ ಬಂದಾಗ ವಿಶೇಷ ಅನುಮತಿ ಬೇಕಾಯಿತು.

ಸಾಫ್ಟ್‌ವೇರ್‌ನವನಾದ ನನಗೆ ಮನಸ್ಸಿಗೆ ನಾಟಿದ್ದು ಇದು. ಹೆಲ್ಮೆಟ್ ಆ ಹುಡುಗರ ಕೊರತೆ ನೀಗಿಸಲಿಲ್ಲ, ಅವರ ಭಾಷೆ ಮೊದಲೇ ಪೂರ್ತಿ ಇತ್ತು. ಎಲ್ಲರಿಗೂ ಕೇಳಿಸುತ್ತದೆ ಅಂದುಕೊಂಡು ಕಟ್ಟಿದ ಆಟದ ಕೊರತೆಯನ್ನು ಅದು ನೀಗಿಸಿತು.

ಭಾಷೆಯ ವಿಷಯದಲ್ಲಿ ಹೊರನಾಡಿನ ನಮಗೆ ಇದು ಬೇಗ ಅರ್ಥವಾಗಬೇಕು. ಲೋಕಲ್‌ನಲ್ಲಿ ನಾವು ಕನ್ನಡದಲ್ಲಿ ಧೈರ್ಯವಾಗಿ ಮನೆ ಸಂಗತಿ ಮಾತಾಡುತ್ತೇವೆ. ಡೊಂಬಿವಲಿ ಬರುವಷ್ಟರಲ್ಲಿ ಪಕ್ಕದವರು ‘ನಿಮ್ದು ಯಾವೂರು?’ ಅಂತ ಕೇಳಿದರೆ ಹಬ್ಬರ್ಡ್‌ನ ತಲೆನೋವು ನಮ್ಮದೂ ಆಗುತ್ತದೆ. ಅದೇ ಪ್ಲಾಟ್‌ಫಾರ್ಮ್‌ನಲ್ಲಿ, ಹಳಿಗಳ ಆಚೆ ನಿಂತ ಗೆಳೆಯರ ಜೊತೆ ಸನ್ನೆಯಲ್ಲಿ ಹರಟುವ ಕಿವುಡ ಹುಡುಗರನ್ನು ನೀವೂ ನೋಡಿರುತ್ತೀರಿ. ಅವರ ಭಾರತೀಯ ಸಂಜ್ಞಾ ಭಾಷೆ ಬೇರೆ, ಅಮೆರಿಕದ್ದು ಬೇರೆ. ಗ್ಯಾಲಡೆಟ್‌ನ ವಿಡಿಯೊಗಳನ್ನು ನನ್ನ ಗೆಳೆಯನೂ ಇಂಗ್ಲಿಷ್ ಸಬ್‌ಟೈಟಲ್ ಓದಿಯೇ ನೋಡುತ್ತಾನೆ.

ನಮ್ಮ ಆಫೀಸಿನಲ್ಲಿ ಬೆಳಗಿನ ಮೀಟಿಂಗ್ ಮುಗಿದ ಮೇಲೆ ಅವನಿಗೆ ನಾಲ್ಕು ಸಾಲಿನ ಮೆಸೇಜ್ ಬರುತ್ತಿತ್ತು. ಅಷ್ಟೊತ್ತಿಗೆ ತೀರ್ಮಾನ ಆಗಿಹೋಗಿರುತ್ತಿತ್ತು. ವರ್ಷದ ಕೊನೆಗೆ ಅಪ್ರೈಸಲ್‌ನಲ್ಲಿ ‘ಚರ್ಚೆಯಲ್ಲಿ ಪಾಲ್ಗೊಳ್ಳುವುದಿಲ್ಲ’ ಅಂತ ಒಂದು ಸಾಲು ಬಿತ್ತು. ಅವನು ಮೇಲ್ ಬರೆದು ಎರಡೇ ಕೇಳಿದ: ಲೈವ್ ಕ್ಯಾಪ್ಷನ್ ಹಾಕಿ, ಒಮ್ಮೆಗೆ ಒಬ್ಬರೇ ಮಾತಾಡಿ. ಮೊದಲು ಗೊಣಗಿದವರೂ ವಾರ ಕಳೆಯುವಷ್ಟರಲ್ಲಿ ಸುಮ್ಮನಾದರು. ಮರಾಠಿ, ಹಿಂದಿ, ತಮಿಳು ಧಾಟಿಯ ಇಂಗ್ಲಿಷ್ ಪರದೆಯ ಮೇಲೆ ಅಕ್ಷರವಾಗಿ ಬಂದಾಗ ಎಲ್ಲರಿಗೂ ಹಾಯೆನಿಸಿತು. ನನ್ನ ಧಾರವಾಡದ ಇಂಗ್ಲಿಷ್ ಕೂಡ ಉಳಿದವರಿಗೆ ಈಗ ತಿಳಿಯುತ್ತದಂತೆ.

ಕಳೆದ ತಿಂಗಳು ರಿಲೀಸ್‌ಗೆ ಮೊದಲಿನ ಮೀಟಿಂಗ್‌ನಲ್ಲಿ ಎಲ್ಲರೂ ‘ಓಕೆ’ ಅನ್ನುತ್ತಿದ್ದಾಗ ಅವನೊಬ್ಬ ಕೈ ಎತ್ತಿದ. ಪೇಮೆಂಟ್ ಪುಟದಲ್ಲಿ ಒಂದು ದೋಷ ಉಳಿದಿದೆ ಅಂತ ಟೈಪ್ ಮಾಡಿದ. ರಿಲೀಸ್ ಎರಡು ದಿನ ಮುಂದಕ್ಕೆ ಹೋಯಿತು, ಮ್ಯಾನೇಜರ್ ಮುಖ ಸಪ್ಪಗಾಯಿತು. ಈ ಸಲದ ಅಪ್ರೈಸಲ್‌ನಲ್ಲಿ ‘ಚರ್ಚೆ ಜಾಸ್ತಿ ಮಾಡುತ್ತಾನೆ’ ಅಂತ ಬರೆಯಬಹುದು ಅಂತ ಅವನೇ ನಗುತ್ತಾ ತೋರಿಸಿದ.