ಒಂದು ಸಹಿ, ಇಪ್ಪತ್ತಾರು ವರ್ಷ

ಗೌರಿಬಿದನೂರಿನಲ್ಲಿ 1965ರಿಂದಲೂ ಭೂಕಂಪಮಾಪಕಗಳ ಜಾಲವೊಂದಿದೆ. ದೂರದ ಪರಮಾಣು ಸ್ಫೋಟವನ್ನು ಸಹಜ ಭೂಕಂಪದಿಂದ ಬೇರ್ಪಡಿಸಿ ಗುರುತಿಸುವುದು ಅದರ ಕಾರ್ಯ. ಸ್ಫೋಟವು ನೆಲವನ್ನು ಎಲ್ಲ ದಿಕ್ಕಿಗೂ ನೂಕುತ್ತದೆ. ಭೂಕಂಪದಲ್ಲಿ ಶಿಲೆಗಳು ಜಾರುತ್ತವೆ. ಆದುದರಿಂದಲೇ ಅಲೆಗಳ ಸ್ವರೂಪವು ಭಿನ್ನವಾಗಿರುತ್ತದೆ. ಈ ಜಾಲವು ಭಾಭಾ ಪರಮಾಣು ಸಂಶೋಧನ ಕೇಂದ್ರಕ್ಕೆ ಸೇರಿದುದು.

1998ರ ಮೇ ತಿಂಗಳಲ್ಲಿ ಭಾರತವು ಪೋಖರಣದಲ್ಲಿ ಪರಮಾಣು ಪರೀಕ್ಷೆ ನಡೆಸಿತು. ಮೇ 13ರಂದು ಅಮೆರಿಕದ ಅಧ್ಯಕ್ಷ ಕ್ಲಿಂಟನ್ನರ ಆದೇಶದಿಂದ ಆರ್ಥಿಕ ನೆರವು, ಶಸ್ತ್ರ ಮಾರಾಟಗಳು ನಿಂತವು. ಅವರ ಲೇಖನಿಗೆ ಬಲವಿತ್ತದ್ದು 1994ರ ಕಾನೂನು. ನವೆಂಬರಿನಲ್ಲಿ ವಾಣಿಜ್ಯ ಇಲಾಖೆಯು ಭಾಭಾ ಕೇಂದ್ರವನ್ನು ನಿರ್ಬಂಧಿತರ ಪಟ್ಟಿಗೆ ಸೇರಿಸಿತು.

2001ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಬುಷ್ಷರು ಆ ನಿರ್ಬಂಧಗಳನ್ನು ತೆರವುಗೊಳಿಸಿದರು. ಆದರೆ ಕೇಂದ್ರದ ಹೆಸರು ಪಟ್ಟಿಯಿಂದ ಅಳಿದದ್ದು 2025ರ ಜನವರಿಯಲ್ಲಿ! ಆದೇಶ ಹೊರಡಿಸಲು ಒಂದು ದಿನ ಸಾಕು; ಅದರ ಬೇರು ಕೀಳಲು ಒಂದು ತಲೆಮಾರೇ ಬೇಕಾದೀತು.