ತಂಗಳು ಬ್ರೆಡ್ಡಿನ ಹಬ್ಬ

ತೊರ್ರಿಹಾ ಮಾಡಲು ಹೊಸ ಬ್ರೆಡ್ ತಂದರೆ ಕೆಲಸ ಅಲ್ಲಿಗೇ ಕೆಟ್ಟಿತು. ಹಾಲಿಗೆ ಬಿದ್ದೊಡನೆ ಅದು ಮುದ್ದೆಯಾಗುತ್ತದೆ, ಎತ್ತಲು ಹೋದರೆ ಕೈಯಲ್ಲೇ ಕಳಚಿಕೊಳ್ಳುತ್ತದೆ. ಒಂದೆರಡು ದಿನ ಇಟ್ಟ, ಒತ್ತಿದರೆ ಗಟ್ಟಿಯೆನಿಸುವ ತಂಗಳು ಬ್ರೆಡ್ಡೇ ಇದಕ್ಕೆ ಬೇಕು. ಈಸ್ಟರಿಗೆ ಮುಂಚಿನ ಪವಿತ್ರ ವಾರವನ್ನು ಸ್ಪೇನಿನವರು ಸೆಮಾನಾ ಸಾಂತಾ ಎನ್ನುತ್ತಾರೆ. ಆ ವಾರ ಅಲ್ಲಿನ ಅಡುಗೆಮನೆಗಳಲ್ಲಿ ಒಲೆಯ ಮೇಲೆ ಬಾಣಲೆ ಏರುವುದು ಹೆಚ್ಚಾಗಿ ಈ ತಿಂಡಿಗಾಗಿಯೇ.

ಈಸ್ಟರಿಗೆ ಮೊದಲಿನ 40 ದಿನ ಕ್ರೈಸ್ತರಿಗೆ ತಪಸ್ಸುಕಾಲ. ಮಾಂಸ ಬಿಟ್ಟ ದಿನಗಳಲ್ಲಿ ಬ್ರೆಡ್ಡು, ಹಾಲು, ಮೊಟ್ಟೆ, ಎಣ್ಣೆ ಸೇರಿದ ತಿಂಡಿ ಹೊಟ್ಟೆಗೆ ಆಧಾರವಾಗುತ್ತಿತ್ತು, ಮನೆಯಲ್ಲಿ ಉಳಿದ ಬ್ರೆಡ್ಡೂ ಖರ್ಚಾಗುತ್ತಿತ್ತು. ಆದರೆ ತೊರ್ರಿಹಾ ಶುರುವಿನಿಂದಲೇ ವ್ರತದ ತಿಂಡಿಯಾಗಿರಲಿಲ್ಲ. 15ನೇ ಶತಮಾನದ ಕೊನೆಯಲ್ಲಿ ಕವಿ ಹುವಾನ್ ದೆಲ್ ಎನ್ಸಿನಾ ಇದನ್ನು ಹೆಸರಿಸಿದ್ದು ಯೇಸುವಿನ ಜನನದ ಹಾಡಿನಲ್ಲಿ. ಹೆರಿಗೆಯಾದವಳಿಗೆ ಶಕ್ತಿ ಬರಲೆಂದು ಕೊಡುತ್ತಿದ್ದ ಬಾಣಂತಿ ತಿನಿಸು ಇದಾಗಿತ್ತು. ಇನ್ನೂ ಹಿಂದೆ ಹೋದರೆ, ಅಪೀಸಿಯಸ್ ಹೆಸರಿನಲ್ಲಿ ಉಳಿದಿರುವ ರೋಮನ್ನರ ಅಡುಗೆ ಪುಸ್ತಕದಲ್ಲೂ ಬ್ರೆಡ್ಡನ್ನು ಹಾಲಲ್ಲಿ ನೆನೆಸಿ, ಕರಿದು, ಜೇನು ಸುರಿಯುವ ವಿಧಾನವಿದೆ.

ಈಗ ಮಾಡುವ ಬಗೆ. ಒಂದು ಲೀಟರ್ ಹಾಲಿಗೆ ಒಂದು ಉದ್ದದ ಚಕ್ಕೆ, ಒಂದು ನಿಂಬೆಹಣ್ಣಿನ ಸಿಪ್ಪೆ, ಸುಮಾರು 100 ಗ್ರಾಂ ಸಕ್ಕರೆ ಹಾಕಿ ಕುದಿ ಬರಿಸಿ, ಒಲೆಯಾರಿಸಿ ಮುಚ್ಚಿಡಿ. ಸಿಪ್ಪೆಯ ಹಳದಿ ಭಾಗ ಮಾತ್ರ ಹೆರೆಯಬೇಕು; ಒಳಗಿನ ಬಿಳಿ ಪದರ ಸೇರಿದರೆ ಹಾಲು ಕಹಿಯಾಗುತ್ತದೆ. ಹಾಲು ಉಗುರುಬೆಚ್ಚಗಾದ ಮೇಲೆ ಎರಡರಿಂದ ಮೂರು ಸೆಂಟಿಮೀಟರ್ ದಪ್ಪಕ್ಕೆ ಕೊಯ್ದ ಬ್ರೆಡ್ ಹೋಳುಗಳನ್ನು ಅಗಲ ತಟ್ಟೆಯಲ್ಲಿ ಜೋಡಿಸಿ ಮೇಲಿಂದ ಸುರಿಯಿರಿ. ಅವಸರ ಬೇಡ. ನಡುವಿನವರೆಗೂ ಹಾಲು ಇಳಿಯಬೇಕು, ಒಣಗಿದ ತಿರುಳು ಉಳಿದರೆ ತಿನ್ನುವಾಗ ಗಂಟಲಿಗೆ ಹಿಡಿಯುತ್ತದೆ.

ತಂಗಳು ಬ್ರೆಡ್ಡು ಇಷ್ಟು ಹಾಲು ಕುಡಿದೂ ಒಡೆಯದಿರುವುದಕ್ಕೆ ಕಾರಣವಿದೆ. ಬೆಂದಾಗ ಸಡಿಲಗೊಂಡಿದ್ದ ಪಿಷ್ಟ, ಬ್ರೆಡ್ಡು ಆರುತ್ತಾ ಹಳೆಯದಾಗುತ್ತಾ ಮತ್ತೆ ಬಿಗಿದುಕೊಳ್ಳುತ್ತದೆ. ತಿರುಳಿನ ತೇವ ಹೊರಸಿಪ್ಪೆಯ ಕಡೆ ಸರಿಯುತ್ತದೆ. ಗಟ್ಟಿಯಾದ ಆ ಜಾಲರಿ ಸ್ಪಂಜಿನಂತೆ ಹಾಲನ್ನು ಹೀರಿ, ತನ್ನ ಆಕಾರವನ್ನು ಹಾಗೇ ಉಳಿಸಿಕೊಳ್ಳುತ್ತದೆ. ತೊರ್ರಿಹಾದ ಅಂದವೆಲ್ಲ ಇಲ್ಲೇ ಇದೆ ಎನಿಸುತ್ತದೆ ನನಗೆ. ಈಗ ಪವಿತ್ರ ವಾರದ ಹೊತ್ತಿಗೆ ಸ್ಪೇನಿನ ಬೇಕರಿಗಳು ತೊರ್ರಿಹಾಕ್ಕೆಂದೇ ಒತ್ತಾದ ತಿರುಳಿನ ಬ್ರೆಡ್ಡು ಮಾರುತ್ತವೆ, ಕೆಲಸ ಸಲೀಸು. ಆದರೂ ಮನೆಯಲ್ಲಿ ಮಿಕ್ಕ ಬ್ರೆಡ್ಡಿನಿಂದ ಮಾಡುವುದರಲ್ಲೇ ನ್ಯಾಯವಿದೆ.

ನೆಂದ ಹೋಳನ್ನು ಜೋಪಾನವಾಗಿ ಎತ್ತಿ, ಹೆಚ್ಚಿನ ಹಾಲು ಸೋರಲು ಬಿಟ್ಟು, ಕಡೆದ ಮೊಟ್ಟೆಯಲ್ಲಿ ಎರಡೂ ಬದಿ ಅದ್ದಿ ಆಲಿವ್ ಎಣ್ಣೆಯಲ್ಲಿ ಕರಿಯುತ್ತಾರೆ. ಕಾದ ಎಣ್ಣೆ ಮುಟ್ಟಿದೊಡನೆ ಮೊಟ್ಟೆ ಗಟ್ಟಿಯಾಗಿ ಪೊರೆ ಕಟ್ಟುತ್ತದೆ. ಹಾಲು ಹೊರಹೋಗದಂತೆ, ಎಣ್ಣೆ ಒಳಬಾರದಂತೆ ತಡೆಯುವುದು ಅದೇ. ಎಣ್ಣೆ 175 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರಲಿ. ತಣ್ಣಗಿದ್ದರೆ ಪೊರೆ ಕಟ್ಟುವಷ್ಟರಲ್ಲಿ ಹೋಳು ಎಣ್ಣೆ ಕುಡಿದಿರುತ್ತದೆ. ತೀರಾ ಕಾದಿದ್ದರೆ ಹಾಲಿನ ಸಕ್ಕರೆ ಬೇಗ ಕಪ್ಪಾಗಿ, ಒಳಗು ಬಿಸಿಯೇರುವ ಮೊದಲೇ ಹೊರಗು ಸೀಯುತ್ತದೆ. ಒಮ್ಮೆಗೆ ಎರಡು ಮೂರೇ ಹೋಳು ಬಿಡಿ. ಬಾಣಲೆ ತುಂಬಿದರೆ ಎಣ್ಣೆಯ ಕಾವು ಇಳಿಯುತ್ತದೆ. ಹೊಂಬಣ್ಣ ಬಂದಮೇಲೆ ತೆಗೆದು, ಬಿಸಿಯಿರುವಾಗಲೇ ಸಕ್ಕರೆ ಮತ್ತು ಚಕ್ಕೆಪುಡಿಯಲ್ಲಿ ಹೊರಳಿಸುವುದು ಒಂದು ಪದ್ಧತಿ. ಹಾಲಿನ ಬದಲು ವೈನಿನಲ್ಲಿ ನೆನೆಸುವವರಿದ್ದಾರೆ, ದಕ್ಷಿಣದ ಆಂದಲೂಸಿಯಾದಲ್ಲಿ ಜೇನಿನಲ್ಲಿ ಮುಳುಗಿಸುವುದೂ ರೂಢಿ. ಜೇನು ಹಾಕಿದ್ದು ಮರುದಿನಕ್ಕೆ ಇನ್ನೂ ರುಚಿ.

ಆಂದಲೂಸಿಯಾದ ಇನ್ನೊಂದು ತಿಂಡಿ ಪೆಸ್ತಿನ್ಯೊ. ಸೋಂಪಿನ ಜಾತಿಯ ಅನೀಸ್ ಕಾಳನ್ನು ಆಲಿವ್ ಎಣ್ಣೆಯಲ್ಲಿ ಕಾಯಿಸಿ ಘಮ ಇಳಿಸಿ, ಆರಿದ ಆ ಎಣ್ಣೆ, ಬಿಳಿ ವೈನು, ಎಳ್ಳು ಸೇರಿಸಿ ಮೈದಾ ಕಲಸುತ್ತಾರೆ. ಹಿಟ್ಟಿಗೆ ಎಣ್ಣೆ ಬಿದ್ದರೆ ಅಂಟು ಎಳೆಕಟ್ಟುವುದಿಲ್ಲ, ಕರಿದಾಗ ಬಾಯಲ್ಲಿ ಪುಡಿಯಾಗುತ್ತದೆ. ತೆಳ್ಳಗೆ ಲಟ್ಟಿಸಿ, ಚೌಕ ಕತ್ತರಿಸಿ, ಎದುರುಬದುರು ಮೂಲೆಗಳನ್ನು ನಡುವಿಗೆ ಮಡಚಿ ಒತ್ತಿ, ಕರಿದು, ಬೆಚ್ಚಗಿನ ಜೇನಿನಲ್ಲಿ ಅದ್ದುತ್ತಾರೆ. ಸ್ಪೇನಿನ ದಕ್ಷಿಣದ ಜಲಸಂಧಿಯಾಚೆಯ ಮೊರಾಕೊದಲ್ಲಿ ರಂಜಾನ್ ತಿಂಗಳಲ್ಲಿ ಮಾಡುವ ಶೆಬಾಕಿಯಾದಲ್ಲೂ ಇದೇ ಎಳ್ಳು, ಇದೇ ಜೇನು. 711ರಿಂದ 1492ರವರೆಗೆ ಮುಸ್ಲಿಂ ಅರಸರು ಸ್ಪೇನಿನಲ್ಲಿದ್ದರು ಎಂಬುದನ್ನು ನೆನೆದರೆ ಈ ನಂಟು ಅಚ್ಚರಿಯಲ್ಲ.

ಸ್ಪೇನಿನದೇ ಲಾ ಮಾಂಚಾ ಕಡೆ ಹಿಟ್ಟಿನಿಂದ ಮಾಡುವ ಕರಿದ ಹೂಗಳ ತಂತ್ರವಂತೂ ಮಂಗಳೂರಿನ ಕ್ಯಾಥೋಲಿಕರಿಗೆ ಹೇಳಿಕೊಡಬೇಕಿಲ್ಲ. ಕುಸ್ವಾರ್ ಎಂಬ ಕ್ರಿಸ್ಮಸ್ ತಿಂಡಿಗಳ ಸಾಲಿಗೆ ಅವರು ಮಾಡುವ ಕೊಕ್ಕಿಸಾಂ ಇದೇ ಬಗೆಯದು. ಹೂವಿನಾಕಾರದ ಕಬ್ಬಿಣದ ಅಚ್ಚನ್ನು ಎಣ್ಣೆಯಲ್ಲೇ ಕಾಯಿಸಿ, ಮೈದಾ, ಮೊಟ್ಟೆ, ಹಾಲಿನ ತೆಳು ಹಿಟ್ಟಿಗೆ ಇಳಿಸಿ, ಮತ್ತೆ ಎಣ್ಣೆಗೆ ಹಿಡಿಯುತ್ತಾರೆ. ಅಚ್ಚು ಕಾದಿದ್ದರೆ ಮಾತ್ರ ಹಿಟ್ಟು ಅದನ್ನು ಕಚ್ಚಿಕೊಳ್ಳುತ್ತದೆ. ಅಚ್ಚಿನ ಮೇಲಂಚು ಹಿಟ್ಟಿನಲ್ಲಿ ಮುಳುಗಬಾರದು, ಮುಳುಗಿತೋ ಹೂವು ಕಳಚುವುದೇ ಇಲ್ಲ. ಸರಿಯಾಗಿದ್ದರೆ ಅಚ್ಚನ್ನು ಮೆಲ್ಲಗೆ ಅಲುಗಿಸಿದೊಡನೆ ಹೂವು ತಾನಾಗಿ ಬಿಟ್ಟುಕೊಂಡು ಎಣ್ಣೆಯ ಮೇಲೆ ತೇಲುತ್ತದೆ.