ಎಳೆದರೆ ಮೊದಲು ಹರಿಯುವ ಬಂಧ ಯಾವುದು?

1999ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಹರ್ಮನ್ ಗೌಬ್ ಅವರ ತಂಡ ಒಂದೊಂದೇ ಅಣುವನ್ನು ಹಿಡಿದು, ಹರಿಯುವ ತನಕ ಎಳೆಯಿತು. ಎಳೆದದ್ದು ಪಿಷ್ಟದಲ್ಲಿರುವ ಅಮೈಲೋಸ್ ಸರಪಳಿಯನ್ನು. ಅದರ ಒಂದು ತುದಿ ಗಾಜಿಗೆ, ಇನ್ನೊಂದು ತುದಿ ಪರಮಾಣು ಬಲ ಸೂಕ್ಷ್ಮದರ್ಶಕದ ಮೊನೆಗೆ ಅಂಟಿತ್ತು. ಸುಮಾರು 2 ನ್ಯಾನೊನ್ಯೂಟನ್ ಬಲಕ್ಕೆ ಅದು ಹರಿಯಿತು. ನೂರು ಗ್ರಾಂ ತೂಕವನ್ನು ಭೂಮಿ ಸೆಳೆಯುವ ಬಲದ ನೂರು ಕೋಟಿಯಲ್ಲಿ ಎರಡು ಪಾಲು ಅಷ್ಟೇ!

ಎಳೆತಕ್ಕೆ ರಾಸಾಯನಿಕ ಬಂಧ ಮುರಿಯುತ್ತದೆಂಬುದು ಹೊಸ ಮಾತಲ್ಲ. ಪಾಲಿಮರ್‌ಗಳನ್ನು ಅರೆದರೆ ಸರಪಳಿಗಳು ತುಂಡಾಗುವುದನ್ನು ರಸಾಯನವಿಜ್ಞಾನಿ ಸ್ಟೌಡಿಂಗರ್ 1930ರ ದಶಕದಲ್ಲೇ ಗಮನಿಸಿದ್ದರು. ಆದರೆ ಮ್ಯೂನಿಕ್‌ನ ಉಪಕರಣ ತೋರಿಸಿದ್ದು ಬಲವನ್ನು ಮಾತ್ರ. ಸರಪಳಿಯಲ್ಲೂ ಅದನ್ನು ಅಂಟಿಸಿದ ಕಡೆಯಲ್ಲೂ ಇರುವ ಕಾರ್ಬನ್, ಆಮ್ಲಜನಕ, ಸಿಲಿಕಾನ್‌ಗಳ ಅಷ್ಟೊಂದು ಬಂಧಗಳಲ್ಲಿ ಹರಿದದ್ದು ಯಾವುದು? ಅಂಟಿಸುವ ಬಗೆಯನ್ನು ಬದಲಿಸಿ ನೋಡಿದರು. ಜೊತೆಗೆ ಕ್ವಾಂಟಂ ಲೆಕ್ಕಾಚಾರವನ್ನೂ ಮಾಡಿದರು. ಎರಡೂ ಬೊಟ್ಟು ಮಾಡಿದ್ದು ಅಂಟಿಸಿದ ಕಡೆಯ ಸಿಲಿಕಾನ್–ಕಾರ್ಬನ್ ಬಂಧದತ್ತ.

ಈ ಪ್ರಯೋಗದ ಪ್ರಬಂಧದ ಲೇಖಕರಲ್ಲೊಬ್ಬರಾದ ಮಾರ್ಟಿನ್ ಬೇಯರ್ 2000ದಲ್ಲಿ ಈ ಲೆಕ್ಕವನ್ನು ಒಂದು ವಿಧಾನವಾಗಿ ರೂಪಿಸಿದರು. ಅದರ ಹೆಸರು ‘ಕೋಜೆಫ್’. ಕಂಪ್ಯೂಟರಿನಲ್ಲಿ ಅಣುವಿನ ಎರಡು ತುದಿಗಳನ್ನು ಚೂರುಚೂರೇ ದೂರ ಸರಿಸುವುದು, ಪ್ರತಿ ಸಲವೂ ಉಳಿದ ಪರಮಾಣುಗಳು ನೆಲೆಗೊಳ್ಳಲು ಬಿಟ್ಟು ಶಕ್ತಿಯನ್ನು ಲೆಕ್ಕಹಾಕುವುದು. ದೂರದೊಂದಿಗೆ ಶಕ್ತಿ ಏರುವ ದರವೇ ಬಲ. ಆ ದರ ಗರಿಷ್ಠವಾದಲ್ಲಿ ಬಂಧದ ತಾಳಿಕೆ ಮುಗಿಯುತ್ತದೆ.

ಹೀಗೆ ಬರುವ ಬಲ ಪ್ರಯೋಗದ್ದಕ್ಕಿಂತ ಹೆಚ್ಚು. ಕಾರಣ ಶಾಖ. ಗೌಬ್ ತಂಡ ಸೆಕೆಂಡಿಗೆ 10 ನ್ಯಾನೊನ್ಯೂಟನ್‌ನಂತೆ ಬಲ ಏರಿಸಿತ್ತು. 2 ನ್ಯಾನೊನ್ಯೂಟನ್ ಮುಟ್ಟಲು ಸೆಕೆಂಡಿನ ಐದನೇ ಒಂದು ಪಾಲು ಸಾಕು. ಅಷ್ಟರಲ್ಲಿ ಬಂಧ ಲಕ್ಷ ಕೋಟಿಗೂ ಹೆಚ್ಚು ಬಾರಿ ಕಂಪಿಸಿರುತ್ತದೆ. ಹರಿಯಲು ಬಂಧ ದಾಟಬೇಕಾದ ಶಕ್ತಿಯ ತಡೆಯನ್ನು ಎಳೆತ ತಗ್ಗಿಸುತ್ತದೆ, ಯಾವುದೋ ಒಂದು ಕಂಪನ ಅದನ್ನು ದಾಟಿಸಿಬಿಡುತ್ತದೆ. ಹಾಗಾಗಿ ಬಂಧದ ಗಟ್ಟಿತನಕ್ಕೆ ಒಂದೇ ಅಂಕಿಯಿಲ್ಲ. ನಿಧಾನವಾಗಿ ಎಳೆದಷ್ಟೂ ಕಡಿಮೆ ಬಲಕ್ಕೇ ಹರಿಯುತ್ತದೆ.

ಎಳೆತ ಬಂಧವನ್ನು ಹರಿಯುವುದಷ್ಟೇ ಅಲ್ಲ, ಪ್ರತಿಕ್ರಿಯೆಯ ದಾರಿಯನ್ನೂ ಬದಲಿಸಬಲ್ಲದು. 2007ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಜೆಫ್ರಿ ಮೂರ್ ಮತ್ತು ಸಂಗಡಿಗರು ಶ್ರವಣಾತೀತ ಧ್ವನಿಯಿಂದ ಪಾಲಿಮರ್ ಎಳೆದು, ನಡುವಿನ ನಾಲ್ಕು ಕಾರ್ಬನ್‌ಗಳ ಉಂಗುರವನ್ನು ಬಿಚ್ಚಿದರು. ಬರೀ ಶಾಖ ಕೊಟ್ಟರೆ ಬೇರೆ ಬೇರೆ ಫಲ ಕೊಡಬೇಕಾದ ಎರಡು ರೂಪಗಳು ಇಲ್ಲಿ ಒಂದೇ ಫಲ ಕೊಟ್ಟವು. ಉಂಗುರ ಯಾವ ಬಗೆಯಲ್ಲಿ ಬಿಚ್ಚಬಹುದೆಂದು ಹೇಳುವ ವುಡ್‌ವರ್ಡ್–ಹಾಫ್‌ಮನ್ ನಿಯಮ ನಿಷೇಧಿಸಿದ ದಾರಿಯನ್ನು ಎಳೆತ ಸುಗಮಗೊಳಿಸಬಲ್ಲದೆಂದು 2009ರಲ್ಲಿ ಟಾಡ್ ಮಾರ್ಟಿನೆಜ್ ತಂಡದ ಸಿಮ್ಯುಲೇಶನ್ ತೋರಿಸಿತು.

ಕೋಜೆಫ್ ಇನ್ನೂ ಬಳಕೆಯಲ್ಲಿದೆ. 2020ರಲ್ಲಿ ಕ್ಯಾಲ್ಟೆಕ್‌ನ ಮ್ಯಾಕ್ಸ್‌ವೆಲ್ ರಾಬ್ ತಂಡ, ಆವರೆಗೆ ಪ್ರಯೋಗಗಳಲ್ಲಿ ಕಂಡ ಫಲಗಳನ್ನು ಅದರ ಮುನ್ನೋಟದೊಂದಿಗೆ ಹೋಲಿಸಿತು. ಬಲದ ಅಂಕಿ ಹೆಚ್ಚಾಗಿಯೇ ಬರುತ್ತದೆ. ಆದರೆ ಯಾವ ಬಂಧ ಹರಿಯುತ್ತದೆಂಬ ಉತ್ತರ ಬಹುಪಾಲು ಸರಿ. ಬೇಕಾದ ಕಡೆಯೇ ಹರಿಯುವ ಅಣುವನ್ನು ಹೆಣೆಯುವವರಿಗೆ ಮುಖ್ಯವಾಗಿ ಬೇಕಾದ ಉತ್ತರ ಇದೇ.